ಪದ ಪರಿಚಯ: ಉತ್ತರದಾಯಿತ್ವ, ಅಥವಾ ವಾಯಿದೆ ಮುಗಿದ ದಿನದ ಪ್ರಶ್ನೆ

ಉತ್ತರ ಕೊಡಬೇಕಾದವನು ಉತ್ತರದಾಯಿ. ಆ ಬಾಧ್ಯತೆಯೇ ಉತ್ತರದಾಯಿತ್ವ. ಕೇಳುವವರಿಲ್ಲದಿದ್ದರೆ ಉತ್ತರಕ್ಕೆ ಎಡೆಯಿಲ್ಲವಾದ್ದರಿಂದ, ಪ್ರಶ್ನೆ ಕೇಳುವವರೂ ಈ ಪದದ ಅರ್ಥದೊಳಗೇ ಇದ್ದಾರೆ. ಸಾಲ ಕೊಟ್ಟವನು ವಾಯಿದೆ ಮುಗಿದ ದಿನ ಬಾಗಿಲಿಗೆ ಬರುತ್ತಾನೆ. ಆದರೆ ಆಹಾರ ಕಂಪನಿಯೊಂದು ಇಂತಿಷ್ಟು ವರ್ಷಗಳಲ್ಲಿ ಪಂಜರದ ಕೋಳಿಯ ಮೊಟ್ಟೆ ಕೊಳ್ಳುವುದನ್ನು ನಿಲ್ಲಿಸುತ್ತೇನೆಂದು ಮಾತು ಕೊಟ್ಟರೆ, ಆ ಕೋಳಿ ಬಂದು ಕೇಳಲಾರದು. ಇಂಥ ವಾಗ್ದಾನಗಳು ಬಹುಮಟ್ಟಿಗೆ ಸ್ವಯಂಪ್ರೇರಿತವಾಗಿರುವುದರಿಂದ, ಮಾತು ತಪ್ಪಿದ ಕಂಪನಿಯನ್ನು ನ್ಯಾಯಾಲಯಕ್ಕೆ ಎಳೆಯುವುದೂ ಸುಲಭವಲ್ಲ. ಕಂಪನಿ ಒತ್ತೆ ಇಟ್ಟಿರುವುದು ತನ್ನ ಒಳ್ಳೆಯ ಹೆಸರನ್ನು ಮಾತ್ರ. ಆ ಒತ್ತೆಗೆ ಬೆಲೆ ತರಬಲ್ಲದ್ದು ಸಾರ್ವಜನಿಕ ವರದಿ. ಪ್ರಾಣಿಕಲ್ಯಾಣ ಸಂಘಟನೆಗಳು ಮಾಧ್ಯಮದ ಮೂಲಕ ಉತ್ತರದಾಯಿತ್ವವನ್ನು ಬಯಸುವುದು ಈ ಕಾರಣಕ್ಕೆ.

ಇಲ್ಲಿ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ನೋಡಬೇಕು. 1980ರ ಏಪ್ರಿಲ್‌ನಲ್ಲಿ ಅಮೆರಿಕದ ಪ್ರಾಣಿಹಕ್ಕು ಹೋರಾಟಗಾರ ಹೆನ್ರಿ ಸ್ಪೈರಾ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟು, ಸೌಂದರ್ಯಕ್ಕಾಗಿ ಪ್ರಸಾಧನ ಕಂಪನಿ ರೆವ್ಲಾನ್ ಎಷ್ಟು ಮೊಲಗಳನ್ನು ಕುರುಡಾಗಿಸುತ್ತದೆ ಎಂದು ಕೇಳಿದರು. ಆ ವರ್ಷ ಮುಗಿಯುವುದರೊಳಗೆ, ಪ್ರಾಣಿಗಳ ಮೇಲಿನ ಪರೀಕ್ಷೆಗೆ ಬದಲಿ ಹುಡುಕಲು ಆ ಕಂಪನಿ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯಕ್ಕೆ 7,50,000 ಡಾಲರ್ ಘೋಷಿಸಿತು. ಇದು ಮಾತು ಪಡೆಯುವ ಕೆಲಸ. ಕೊಟ್ಟ ಮಾತನ್ನು ವರ್ಷಗಳ ನಂತರ ಮುಂದಿಟ್ಟು ಲೆಕ್ಕ ಕೇಳುವುದು ಬೇರೆಯೇ ಕೆಲಸ. ನನ್ನ ದೃಷ್ಟಿಯಲ್ಲಿ ಹೆಚ್ಚು ಕಷ್ಟದ್ದು, ಏಕೆಂದರೆ ಘೋಷಣೆಯ ದಿನ ಧಾರಾಳವಾಗಿ ಬರೆಯುವ ಪತ್ರಿಕೆಗಳಿಗೆ ಹತ್ತು ವರ್ಷದ ನಂತರದ ಮೌನ ಸುದ್ದಿಯಾಗಿ ಕಾಣುವುದಿಲ್ಲ.

ಮೆಕ್‌ಡೊನಾಲ್ಡ್ಸ್ ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಗಬ್ಬದ ಹಂದಿಗಳನ್ನು ಕಬ್ಬಿಣದ ಕಂಬಿಗಳ ಇಕ್ಕಟ್ಟಿನ ಗೂಡಿನಲ್ಲಿ ಇಡುವುದು ಅಮೆರಿಕದ ಹಂದಿ ಸಾಕಣೆಯಲ್ಲಿ ರೂಢಿ; ಸುಮಾರು ಎರಡು ಅಡಿ ಅಗಲ, ಏಳು ಅಡಿ ಉದ್ದದ ಆ ಗೂಡಿನಲ್ಲಿ ಹಂದಿ ಹಿಂದಿರುಗಿ ನಿಲ್ಲಲೂ ಆಗದು. ಇಂಥ ಗೂಡುಗಳನ್ನು ತನ್ನ ಪೂರೈಕೆ ಸರಣಿಯಿಂದ 2022ರೊಳಗೆ ಕೈಬಿಡುವ ಮಾತನ್ನು ಕಂಪನಿ 2012ರಲ್ಲಿ ಕೊಟ್ಟಿತ್ತು. ವಾಯಿದೆಯ ವರ್ಷ ಬಂದಾಗ, ಅದು ಲೆಕ್ಕ ಹಿಡಿದದ್ದು ಗಬ್ಬವಾಗಿರುವುದು ಖಚಿತಪಟ್ಟ ನಂತರದ ಅವಧಿಯನ್ನು. ಖಚಿತವಾಗುವವರೆಗಿನ ನಾಲ್ಕರಿಂದ ಆರು ವಾರ ಹಂದಿ ಗೂಡಿನಲ್ಲಿಯೇ ಉಳಿಯಬಹುದು. ಹಂದಿಯ ಗಬ್ಬದ ಕಾಲ ಒಟ್ಟು ಹದಿನಾರು ವಾರವಷ್ಟೇ ಎಂಬುದನ್ನು ನೆನೆದರೆ ಈ ಪದಪ್ರಯೋಗದ ಭಾರ ತಿಳಿಯುತ್ತದೆ. ಇದನ್ನು ಪ್ರಶ್ನಿಸಿ ಹೂಡಿಕೆದಾರ ಕಾರ್ಲ್ ಐಕಾನ್ ಇಬ್ಬರನ್ನು ಕಂಪನಿಯ ನಿರ್ದೇಶಕ ಮಂಡಳಿಗೆ ಸೂಚಿಸಿದಾಗ ವಿವಾದ ವಾಣಿಜ್ಯ ಪತ್ರಿಕೆಗಳ ಮುಖಪುಟಕ್ಕೆ ಬಂತು. ಮೇ ತಿಂಗಳ ಷೇರುದಾರರ ಮತದಾನದಲ್ಲಿ ಅವರ ಅಭ್ಯರ್ಥಿಗಳಿಗೆ ದಕ್ಕಿದ್ದು ಶೇ. 1ರಷ್ಟು ಮತ ಮಾತ್ರ. ಆದರೂ, ಅದುವರೆಗೆ ಕೆಲವೇ ಮಂದಿ ಗಮನಿಸಿದ್ದ ‘ಖಚಿತಪಟ್ಟ’ ಎಂಬ ವಿಶೇಷಣವನ್ನು ಓದುಗರು ಕಂಡರು, ಮತ್ತು ಸಾಂಕ್ರಾಮಿಕ ರೋಗದಿಂದ ವಿಳಂಬವಾಯಿತೆಂದು ಕಂಪನಿ ಬಹಿರಂಗವಾಗಿ ವಿವರಿಸಬೇಕಾಯಿತು. ವರದಿಗಾರಿಕೆ ಬಲವಂತ ಮಾಡಲಾರದು. ಮಾತಿನ ಅರ್ಥ ಸದ್ದಿಲ್ಲದೆ ಕಿರಿದಾಗುವುದನ್ನು ಮಾತ್ರ ತಡೆಯಬಲ್ಲದು.

ಹೀಗಾಗಿ ಈ ಕ್ಷೇತ್ರದಲ್ಲಿ ದುಡಿಯುವವರು ಆರೋಪಕ್ಕಿಂತ ಹೆಚ್ಚಾಗಿ ದಾಖಲೆಯನ್ನು ನೆಚ್ಚುತ್ತಾರೆ: ಮೂಲ ಪ್ರಕಟಣೆಯ ಪ್ರತಿ, ಗಡುವಿನ ದಿನಾಂಕ, ಅದು ಯಾವ ದೇಶಗಳಿಗೆ ಅನ್ವಯಿಸುತ್ತದೆ, ಈವರೆಗೆ ಶೇಕಡಾ ಎಷ್ಟು ಆಗಿದೆ. 2016ರಲ್ಲಿ ರೂಪುಗೊಂಡ ಓಪನ್ ವಿಂಗ್ ಅಲಯನ್ಸ್ ಎಂಬ ಒಕ್ಕೂಟ ಪಂಜರಮುಕ್ತ ಮೊಟ್ಟೆಯ ವಾಗ್ದಾನಗಳನ್ನು ಹಲವು ದೇಶಗಳಲ್ಲಿ ಹೀಗೆ ಬೆನ್ನು ಹತ್ತಿದೆ. ಅಂಕಿ ಇಲ್ಲದ ದೂರನ್ನು ಸಂಪಾದಕರು ಪ್ರಕಟಿಸುವುದಿಲ್ಲ, ಪ್ರಕಟಿಸಲೂ ಬಾರದು.

ಮಾತು ಉಳಿಸಿಕೊಂಡವರ ಸುದ್ದಿಯೂ ಈ ಪದದ ವ್ಯಾಪ್ತಿಗೆ ಸೇರುತ್ತದೆ. ಇದೇ ಮೆಕ್‌ಡೊನಾಲ್ಡ್ಸ್ 2015ರಲ್ಲಿ, ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 200 ಕೋಟಿ ಮೊಟ್ಟೆ ಕೊಳ್ಳುತ್ತಿದ್ದಾಗ, ಹತ್ತು ವರ್ಷದಲ್ಲಿ ಪಂಜರಮುಕ್ತ ಮೊಟ್ಟೆಗೆ ಬದಲಾಗುವುದಾಗಿ ಹೇಳಿತ್ತು; ಅಲ್ಲಿ ಆ ಗುರಿಯನ್ನು ಪೂರ್ಣವಾಗಿ ತಲುಪಿರುವುದಾಗಿ, ಗಡುವಿಗೂ ಮುಂಚೆ, 2024ರ ಆರಂಭದಲ್ಲಿ ತಿಳಿಸಿತು.