ಸದ್ದಿಲ್ಲದ ಗುಂಡಿಗೂ ದಿಬ್ಬ ಬೇಕು

ಅಮೆರಿಕದಲ್ಲಿ ಮನೆ ಮಾಡಿಕೊಂಡ ನಮ್ಮವರು ಮಕ್ಕಳಿಗೆ ಹಿತ್ತಲಲ್ಲೇ ಗುರಿ ಹೊಡೆಯಲು ಕಲಿಸೋಣ ಎಂದು ಹೊರಟಾಗ ಕೇಳುವುದು ಒಂದೇ ಪ್ರಶ್ನೆ: "ಸಾರ್, ಎಲ್ಲಕ್ಕಿಂತ ಕಡಿಮೆ ಸದ್ದು ಮಾಡೋ .22 ತೋಟೆ ಯಾವುದು?" .22 ಎಂದರೆ ಗುಂಡಿನ ಅಗಲ, ಸುಮಾರು 0.22 ಅಂಗುಲ. ಹೊಡೆದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಸದ್ದು ಇಳಿದರೆ ಅಪಾಯವೂ ಇಳಿಯಿತು ಎಂದು ತಲೆಯಲ್ಲಿ ಕೂತುಬಿಟ್ಟಿದೆ. ಇದು ದೀಪಾವಳಿಯ ಲೆಕ್ಕ. ಆಟಂಬಾಂಬಿಗಿಂತ ಬಿಜಲಿ ಪಟಾಕಿ ಸಾಧು, ಒಪ್ಪಿದೆ. ಆದರೆ ಪಟಾಕಿಯಿಂದ ಸೀಸದ ಗುಂಡು ಹಾರಿ ಪಕ್ಕದ ಮನೆಗೆ ಹೋಗುವುದಿಲ್ಲ.

ಅಂಕಿಗಳನ್ನೇ ನೋಡಿ. ಸಿಸಿಐ ಕಂಪನಿಯ ಮಿನಿ-ಮ್ಯಾಗ್ ತೋಟೆ 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಗುಂಡನ್ನು ಸೆಕೆಂಡಿಗೆ 1,235 ಅಡಿ ವೇಗದಲ್ಲಿ ತಳ್ಳುತ್ತದೆ. ಶಕ್ತಿ ಸುಮಾರು 184 ಜೂಲ್. ಅದೇ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿಯದು ಅಷ್ಟೇ ತೂಕದ ಗುಂಡು, 1,070 ಅಡಿ, 138 ಜೂಲ್. ಎಲ್ಲರೂ ಕೇಳಿಕೊಂಡು ಬರುವ ಕ್ವಯಟ್-22ರದು 710 ಅಡಿ, 60 ಜೂಲ್. ಸಿಬಿ ಲಾಂಗ್ 29 ಗ್ರೇನಿನ ಗುಂಡು, 710 ಅಡಿ, 44 ಜೂಲ್. ಈಗ ಇದನ್ನು ಊರಿನ ಅಳತೆಗೆ ಹೋಲಿಸಿ. ಭಾರತದಲ್ಲಿ ಲೈಸೆನ್ಸ್ ಬೇಡದ .177 ಏರ್‌ಗನ್ನಿಗೆ 2016ರ ಶಸ್ತ್ರಾಸ್ತ್ರ ನಿಯಮಗಳು ಹಾಕಿರುವ ಮಿತಿ 20 ಜೂಲ್. ನೀವು "ಮೆತ್ತಗಿದೆ" ಎಂದುಕೊಂಡ ಕ್ವಯಟ್-22 ಅದರ ಮೂರು ಪಟ್ಟು. ಬಡಾವಣೆಯ ಬೇಲಿಗೆ ಹೊಡೆಯುವ ಸೀಡರ್ ಹಲಗೆಯ ದಪ್ಪ ಮುಕ್ಕಾಲು ಅಂಗುಲವೂ ಇರುವುದಿಲ್ಲ. ಈ ಗುಂಡು ಅದನ್ನು ತೂತು ಮಾಡಿಕೊಂಡು ಆಚೆ ಹೋಗುತ್ತದೆ. ನಳಿಗೆ ಸ್ವಲ್ಪ ಮೇಲಕ್ಕಿದ್ದಾಗ ಹಾರಿದರೆ ಅರ್ಧ ಮೈಲಿ ಆಚೆಗೂ ಹೋಗಿ ಬೀಳಬಲ್ಲದು.

ಇದನ್ನು ಹೇಳಿದರೆ "ಸರಿ, ಬೇಲಿ ಮುಂದೆ ನಾಲ್ಕು ಹಳೇ ಟೈರು ಪೇರಿಸ್ತೀನಿ" ಎನ್ನುತ್ತಾರೆ. ಅಯ್ಯಾ, ನಿಧಾನದ ಗುಂಡಿಗೆ ಟೈರಿನಷ್ಟು ಕೆಟ್ಟ ಗೋಡೆ ಇನ್ನೊಂದಿಲ್ಲ. ವೇಗದ ಸೀಸದ ಗುಂಡು ಗಟ್ಟಿ ಉಕ್ಕಿಗೆ ಬಡಿದರೆ ಚೂರುಚೂರಾಗಿ ಸಿಡಿದು ಶಕ್ತಿ ಕಳೆದುಕೊಳ್ಳುತ್ತದೆ. 710 ಅಡಿಯ ಗುಂಡು ಅಷ್ಟು ಒಡೆಯುವುದಿಲ್ಲ, ಸ್ವಲ್ಪ ಚಪ್ಪಟೆಯಾಗಿ ಇಡಿಯಾಗಿಯೇ ಪುಟಿದು ಬರುತ್ತದೆ. ಟೈರು, ಒಣಗಿದ ದಿಮ್ಮಿ, ಕಲ್ಲು, ಹಿಮಗಟ್ಟಿದ ನೆಲ, ಕೆರೆಯ ನೀರು, ಇವೆಲ್ಲ ಅದನ್ನು ವಾಪಸು ಕಳಿಸುತ್ತವೆ ಇಲ್ಲವೇ ಓರೆಯಾಗಿ ಹಾರಿಸುತ್ತವೆ. ಸದ್ದು ಕಡಿಮೆ ಮಾಡಿಕೊಂಡ ಮೇಲೆ ತಡೆಯ ವಿಚಾರದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಕನ್ನಡಕ ಮಗುವಿಗೆ ಮಾತ್ರ ಅಲ್ಲ, ಹಿಂದೆ ನಿಂತು ಫೋಟೊ ತೆಗೆಯುವ ಅಜ್ಜಿಗೂ ಬೇಕು.

ಹಾಗಾದರೆ ಗುಂಡು ಎಲ್ಲಿ ನಿಲ್ಲಬೇಕು? ಮುಕ್ಕಾಲು ಅಂಗುಲದ ಪ್ಲೈವುಡ್ಡಿನಿಂದ ಎರಡಡಿ ಅಗಲ, ಎರಡಡಿ ಎತ್ತರ, ಒಂದೂವರೆ ಅಡಿ ಆಳದ ಪೆಟ್ಟಿಗೆ ಮಾಡಿ. ಮುಂಭಾಗಕ್ಕೆ ದಪ್ಪ ರಟ್ಟು ಅಥವಾ ರಬ್ಬರ್ ಹಾಳೆ. ಒಳಗೆ ಜರಡಿ ಹಿಡಿದ ಒಣ ಮರಳು, ಇಲ್ಲವೇ ತೋಟಕ್ಕೆ ಹಾಸುವ ರಬ್ಬರ್ ಚೂರು. ಜರಡಿ ಹಿಡಿಯದಿದ್ದರೆ ಒಳಗೆ ಉಳಿದ ಬೆಣಚುಕಲ್ಲೇ ಗುಂಡನ್ನು ತಿರುಗಿಸುತ್ತದೆ. ಮರಳು ಒದ್ದೆಯಾಗಿ ಜನವರಿಯಲ್ಲಿ ಗಟ್ಟಿಯಾದರೆ ಅದು ಮರಳಲ್ಲ, ಬಂಡೆ. ಗುಂಡುಗಳೆಲ್ಲ ನಡುವಿಗೇ ಬೀಳುವುದರಿಂದ ಅಲ್ಲಿ ಸೀಸದ ಗಡ್ಡೆ ಕಟ್ಟುತ್ತದೆ. ಹೊಸ ಗುಂಡು ಹಳೆಯದಕ್ಕೆ ಬಡಿದು ಪುಟಿಯುತ್ತದೆ. ರಟ್ಟಿನ ತೂತಿನಿಂದ ಮರಳು ಸುರಿದು ಒಳಗಿನ ಮಟ್ಟವೂ ಇಳಿದಿರುತ್ತದೆ. ನೂರು, ನೂರೈವತ್ತು ಹೊಡೆದ ಮೇಲೆ ತೆಗೆದು ನೋಡಿ, ಸೀಸ ಆರಿಸಿ, ಮರಳು ತುಂಬಿ, ರಟ್ಟು ಬದಲಿಸಿ.

ಪೆಟ್ಟಿಗೆಯ ಕೆಲಸ ಸರಿಯಾಗಿ ಬಂದ ಗುಂಡನ್ನು ಹಿಡಿಯುವುದು ಅಷ್ಟೆ. ತಪ್ಪಿ ಬಂದದ್ದನ್ನು ಹಿಡಿಯಲು ಅದರ ಹಿಂದೆ ಮಣ್ಣಿನ ದಿಬ್ಬ ಬೇಕೇ ಬೇಕು. ಮಕ್ಕಳ ರೈಫಲ್ಲಿನ ನಳಿಗೆ ಸುಮಾರು 16 ಅಂಗುಲ. ಸೀನು ಬಂದೋ, ನೊಣ ಕೂತೋ ಅದರ ತುದಿ ಒಂದೂವರೆ ಅಂಗುಲ ಮೇಲೆದ್ದಾಗ ಟ್ರಿಗರ್ ಒತ್ತಿದರೆ ಹತ್ತು ಗಜದಲ್ಲಿ ಗುಂಡು ಎರಡೂವರೆ ಅಡಿಗೂ ಮೇಲೆ ಹೋಗುತ್ತದೆ. ನಿಮ್ಮ ಪೆಟ್ಟಿಗೆಯ ನಡುವಿನಿಂದ ಅಂಚಿಗೆ ಇರುವುದು ಒಂದೇ ಅಡಿ. ಕೊಡಗಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೈಲ್‌ಪೊಳ್ದು ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವುದನ್ನು ನೋಡಿ ಬೆಳೆದವರು ಕಾಯಿಗಿಂತ ಮೊದಲು ಅದರ ಹಿಂದೇನಿದೆ ಎಂದು ನೋಡುತ್ತಾರೆ. ದಿಬ್ಬ ಇಲ್ಲದ, ಮೂರು ಕಡೆ ಮನೆಗಳಿರುವ ಹಿತ್ತಲಾದರೆ .22ರ ಮಾತು ಅಲ್ಲಿಗೇ ನಿಲ್ಲಿಸಿ. ಹತ್ತು ಜೂಲಿನೊಳಗಿನ .177 ಪೆಲೆಟ್ ರೈಫಲ್, ಪೆಲೆಟ್ ಹಿಡಿಯುವ ಒಂದು ಪೆಟ್ಟಿಗೆ (ಪೆಲೆಟ್ ಟ್ರ್ಯಾಪ್), ಅದರ ಹಿಂದೆ ದಪ್ಪ ಪ್ಲೈವುಡ್ ತಡೆ: ಸ್ಥಳೀಯ ನಿಯಮ ಒಪ್ಪಿದರೆ ಇಷ್ಟು ಸಾಕು. ಮಗು ಕಲಿಯುವ ಉಸಿರು, ಗುರಿ, ಬೆರಳಿನ ಪಾಠ ಅದರಲ್ಲೂ ಅದೇ.

ಇಷ್ಟೆಲ್ಲ ಇದೆ ಎನ್ನುವವರಿಗೆ ಈಗ ಸದ್ದಿನ ವಿಷಯ. ಕೋವಿಯ ಸದ್ದು ಎಂದರೆ ಮೂರು ಸದ್ದು: ನಳಿಗೆ ಬಾಯಲ್ಲಿ ಮದ್ದಿನ ಹೊಗೆ ನುಗ್ಗುವ ಢಮ್, ಗುಂಡು ಶಬ್ದದ ವೇಗ ಮೀರಿದಾಗಿನ ಚಟೀರ್, ಕೊನೆಗೆ ಬಡಿದಾಗಿನ ಸದ್ದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,125 ಅಡಿ. 1,070 ಅಡಿಯ ತೋಟೆ ಅದರ ಕೆಳಗೇ ಇರುವುದರಿಂದ ಚಟೀರ್ ಇಲ್ಲ. ಆದರೆ ಸೊನ್ನೆ ಡಿಗ್ರಿಯಲ್ಲಿ ಶಬ್ದದ ವೇಗ 1,087ಕ್ಕೆ, ಮೈನಸ್ 20ರಲ್ಲಿ 1,046ಕ್ಕೆ ಇಳಿಯುತ್ತದೆ. ಚಳಿಗೆ ಮದ್ದಿನ ಕಾವೂ ಇಳಿಯುತ್ತದೆ ಎಂಬುದು ನಿಜ. ಆದರೂ ಬೇಸಿಗೆಯಲ್ಲಿ ತೆಪ್ಪಗಿದ್ದ ಡಬ್ಬಿಯ ಕೆಲವು ತೋಟೆಗಳು ಮಿನೆಸೋಟದ ಚಳಿಗಾಲದಲ್ಲಿ ಚಟೀರ್ ಎಂದರೆ ತೋಟೆ ಕೆಟ್ಟಿದೆ ಎಂದುಕೊಳ್ಳಬೇಡಿ. 710 ಅಡಿಯವಕ್ಕೆ ಈ ತಾಪತ್ರಯವಿಲ್ಲ. ಅವುಗಳಲ್ಲಿ ಎದ್ದು ಕೇಳುವುದು ಬಡಿಯುವ ಸದ್ದು. ಉಕ್ಕಿನ ತಟ್ಟೆ ನೇತುಹಾಕಿದರೆ ಕೋವಿಗಿಂತ ತಟ್ಟೆಯ ಠಣ್ ದೊಡ್ಡದು, ಪಕ್ಕದ ಮನೆಯವರು ಬರುವುದು ಅದನ್ನು ಕೇಳಿಯೇ. ಮಕ್ಕಳಿಗೆ ಕಾಗದದ ಗುರಿ ಸಾಕು.

"ಕ್ವಯಟ್-22 ಹೊಡೆಯುವವರ ಕಿವಿಗೆ 68 ಡೆಸಿಬೆಲ್ ಅಷ್ಟೇ ಅಂತ ಕಂಪನಿಯೇ ಹೇಳಿದೆ, ಇಯರ್‌ಮಫ್ ಯಾಕೆ?" ಎನ್ನುವವರಿಗೆ ಎರಡು ಮಾತು. ಗುಂಡಿನ ಸದ್ದು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಏರಿ ಇಳಿಯುತ್ತದೆ. ಫೋನಿನ ಆ್ಯಪ್‌ಗಾಗಲಿ ಸಾಧಾರಣ ಮೀಟರಿಗಾಗಲಿ ಅದರ ತುದಿ ಸಿಗುವುದಿಲ್ಲ, ಆದ್ದರಿಂದ ಡೆಸಿಬೆಲ್ ಅಂಕಿಗಳನ್ನು ಅಳೆದ ವಿಧಾನ ಗೊತ್ತಿಲ್ಲದೆ ಹೋಲಿಸಬಾರದು. ವಿಶ್ವ ಆರೋಗ್ಯ ಸಂಸ್ಥೆ ಇಂಥ ಸ್ಫೋಟದ ಸದ್ದಿಗೆ ದೊಡ್ಡವರಿಗೆ 140, ಮಕ್ಕಳಿಗೆ 120 ಡೆಸಿಬೆಲ್ ಮಿತಿ ಹೇಳಿದೆ. ಎರಡನೆಯದಾಗಿ, ನಳಿಗೆ ಉದ್ದವಾದಷ್ಟೂ ಬಾಯಲ್ಲಿ ಒತ್ತಡ ಇಳಿದು ಸದ್ದು ಕುಗ್ಗುತ್ತದೆ. ನಿಮ್ಮ 24 ಅಂಗುಲದ ರೈಫಲ್ಲಿನಲ್ಲಿ ಕೇಳಿ ನೋಡಿ ಮಗುವಿನ 16 ಅಂಗುಲದ್ದಕ್ಕೆ ತೀರ್ಮಾನ ಮಾಡಬೇಡಿ. ಅದರ ನಳಿಗೆಯೂ ಗಿಡ್ಡ, ಹಿಡಿಯೂ ಗಿಡ್ಡ, ಹಾಗಾಗಿ ಆ ಎಳೆ ಕಿವಿ ನಳಿಗೆ ಬಾಯಿಗೆ ನಿಮ್ಮ ಕಿವಿಗಿಂತ ಎಷ್ಟೋ ಹತ್ತಿರ. ಮಫ್ ಹಾಕಿ. ಮಗು ಸದ್ದಿಗೆ ಬೆಚ್ಚಿ ಕಣ್ಣು ಮುಚ್ಚುವ ಚಟ ಹತ್ತಿಸಿಕೊಳ್ಳದಿರಲಿ ಎಂಬುದಕ್ಕೇ ಮೆತ್ತನೆಯ ತೋಟೆ. ಅದರ ನಿಜವಾದ ಲಾಭ ಅದೇ, ಅದು ಸಣ್ಣ ಲಾಭವೇನಲ್ಲ.

ತೋಟೆಗಳಿಗೆ ಬರೋಣ. ಒಂದೊಂದೇ ತೋಟೆ ಹಾಕುವ ಬೋಲ್ಟ್ ರೈಫಲ್ಲಿಗೆ, ಸ್ಯಾವೇಜ್ ರ್‍ಯಾಸ್ಕಲ್, ಕ್ರಿಕೆಟ್ ಥರದ್ದಕ್ಕೆ, 40 ಗ್ರೇನಿನ ದುಂಡು ಮೂತಿಯ ಕ್ವಯಟ್-22 ಅಥವಾ ಸಿಬಿ ಲಾಂಗ್ ಸರಿ. ಕ್ವಯಟ್‌ನಲ್ಲೇ ಒಡೆದು ಮೂರು ಚೂರಾಗುವ ಗುಂಡಿನದೊಂದು ಡಬ್ಬಿ ಬರುತ್ತದೆ, ಅದು ಬೇಟೆಯವರಿಗೆ. ಕಾಗದಕ್ಕೆ ಹೊಡೆಯುವವರಿಗೆ ಬೇಡ. ಸೆಮಿ-ಆಟೋ ರೈಫಲ್ಲಿನಲ್ಲಿ 710 ಅಡಿಯ ತೋಟೆ ಹೊಡೆದರೆ ಮುಂದಿನ ತೋಟೆ ತಾನಾಗಿ ಒಳಗೆ ಬರುವುದಿಲ್ಲ. ಪ್ರತಿ ಸಲ ಕೈಯಿಂದ ಎಳೆಯಬೇಕು, ಮಕ್ಕಳಿಗೆ ಅದೇ ಒಳ್ಳೆಯದು. ಸಿಬಿ ಶಾರ್ಟ್ ಅಗ್ಗಕ್ಕೆ ಸಿಕ್ಕಿತೆಂದು ಲಾಂಗ್ ರೈಫಲ್ (ಉದ್ದ ಬಗೆಯ .22) ತೋಟೆಯ ಚೇಂಬರಿನಲ್ಲಿ, ಅಂದರೆ ತೋಟೆ ಕೂರುವ ಗೂಡಿನಲ್ಲಿ, ನೂರಾರು ಹೊಡೆದರೆ ಗಿಡ್ಡ ತೋಟೆಯ ಕವಚದ ಮುಂದೆ ಕಿಟ್ಟ ಉಂಗುರದಂತೆ ಕಟ್ಟುತ್ತದೆ, ಆಮೇಲೆ ಉದ್ದದ ತೋಟೆ ಒಳಗೆ ಹೋಗಲು ತಕರಾರು ಮಾಡುತ್ತದೆ. ಚೇಂಬರ್ ಉಜ್ಜಿ ತೆಗೆಯಬೇಕು. ತೋಟೆ ಬದಲಿಸಿದಾಗ ಸೈಟ್ (ಗುರಿ ನೋಡುವ ಭಾಗ) ಕೂಡ ಹೊಸದಾಗಿ ಹೊಂದಿಸಿ: 1,070 ಅಡಿಯ ತೋಟೆಗೆ ಕೂರಿಸಿದ ಸೈಟಿನಲ್ಲಿ ಕ್ವಯಟ್ ಹೊಡೆದರೆ 25 ಗಜದಲ್ಲಿ ಒಂದು ಅಂಗುಲಕ್ಕೂ ಹೆಚ್ಚು ಕೆಳಗೆ ಬೀಳುತ್ತದೆ. ಅದನ್ನು ಮಗುವಿನ ತಪ್ಪೆಂದು ಗದರಬೇಡಿ.

ಅಗ್ವಿಲಾ ಕಂಪನಿಯ ಕೊಲಿಬ್ರಿ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಸ್ಪ್ಯಾನಿಷ್‌ನಲ್ಲಿ ಅದು ಪುಟ್ಟ ಝೇಂಕಾರದ ಹಕ್ಕಿಯ ಹೆಸರು. ಒಳಗೆ ಮದ್ದೇ ಇಲ್ಲ, ಅಂಚಿನ ಸಿಡಿಮದ್ದಿನಿಂದಲೇ 20 ಗ್ರೇನ್ ಗುಂಡು 420 ಅಡಿ ವೇಗದಲ್ಲಿ ಹೊರಡುತ್ತದೆ. 1845ರ ಸುಮಾರಿಗೆ ಪ್ಯಾರಿಸಿನ ಫ್ಲೋಬೆರ್ ರೂಪಿಸಿದ ಮೊದಲ ತೋಟೆಗಳೂ ಹೀಗೇ, ಜನ ಮನೆಯ ಹಜಾರದಲ್ಲೇ ಗುರಿ ಹೊಡೆಯುತ್ತಿದ್ದ ಕಾಲ ಅದು. ಆದರೆ ಕೊಲಿಬ್ರಿ ರೈಫಲ್ಲಿಗಲ್ಲ. ಉದ್ದ ನಳಿಗೆಯ ತಿಕ್ಕಾಟಕ್ಕೆ ಗುಂಡು ದಮ್ಮು ಕಟ್ಟಿ ಒಳಗೇ ನಿಲ್ಲುತ್ತದೆ. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ.

ಗುಂಡು ಒಳಗೆ ಸಿಕ್ಕಿಕೊಳ್ಳುವುದು ಬೇರೆ ತೋಟೆಗಳಲ್ಲಿ ಅಪರೂಪ. ಆದರೆ ಮೆತ್ತನೆಯ ತೋಟೆಯಲ್ಲಿ ಸದ್ದಿನಿಂದ ಅದನ್ನು ಗುರುತಿಸಲಾಗದು. ಜೋರಿನ ತೋಟೆ "ಪುಸ್" ಎಂದರೆ ತಕ್ಷಣ ಗೊತ್ತಾಗುತ್ತದೆ, ಇದು ಹುಟ್ಟಾ "ಪುಸ್". ಅದಕ್ಕೆ ಒಂದು ಕ್ರಮ ಇಟ್ಟುಕೊಳ್ಳಿ. ಮರದ ತುಂಡಿಗೆ ಐದು ತೂತು ಕೊರೆದು ಐದೇ ತೋಟೆ ನಿಲ್ಲಿಸಿ. ಕಾಗದದಲ್ಲಿ ಐದು ಬೇರೆ ಬೇರೆ ವೃತ್ತ ಬರೆಯಿರಿ, ವೃತ್ತಕ್ಕೊಂದೇ ಗುಂಡು. ಪ್ರತಿ ಹೊಡೆತಕ್ಕೂ ಕಾಗದದಲ್ಲಿ ತೂತು ಕಂಡ ಮೇಲೆಯೇ ಮುಂದಿನ ತೋಟೆ. ತೂತು ಕಾಣದಿದ್ದರೆ ನಿಲ್ಲಿಸಿ, ಬೋಲ್ಟ್ ತೆಗೆದು, ಚೇಂಬರ್ ಖಾಲಿ ಎಂದು ನೋಡಿ, ಕ್ಲೀನಿಂಗ್ ರಾಡ್ ತೂರಿಸಿ. ಸಲೀಸಾಗಿ ಹಾದುಹೋದರೆ ಮಗು ಗುರಿ ತಪ್ಪಿದೆ, ಸಂತೋಷ. ತಡೆದರೆ ಅವತ್ತಿನ ಆಟ ಮುಗಿಯಿತು. ಕೋವಿ ರಿಪೇರಿಯವರ ಬಳಿ ಒಯ್ಯಿರಿ, ಇನ್ನೊಂದು ಗುಂಡಿನಿಂದ ತಳ್ಳುವ ಜಾಣತನ ಬೇಡ.

ಟ್ರಿಗರ್ ಒತ್ತಿದರೂ ಸಿಡಿಯದಿದ್ದರೆ ನಳಿಗೆಯನ್ನು ದಿಬ್ಬದ ಕಡೆಗೇ ಹಿಡಿದು ಮೂವತ್ತು ಸೆಕೆಂಡ್ ಎಣಿಸಿ, ತಡವಾಗಿ ಸಿಡಿದೀತು. .22ರಲ್ಲಿ ಸಿಡಿಮದ್ದು ತಳದ ಅಂಚಿನೊಳಗೆ ಸುತ್ತ ಹರಡಿರುತ್ತದೆ, ಒಂದು ಕಡೆ ಖಾಲಿ ಉಳಿಯುವುದುಂಟು, ಪಿನ್ ಅಲ್ಲಿಗೇ ಬಡಿದರೆ ಸಿಡಿಯುವುದಿಲ್ಲ.

ಕೈಗೆ ಹತ್ತುವ ಸೀಸ ಇನ್ನೊಂದು. ಸಿಡಿಮದ್ದಿನಲ್ಲೂ ಸಾಧಾರಣವಾಗಿ ಸೀಸದ ಸಂಯುಕ್ತವೇ ಇರುತ್ತದೆ. ಮಕ್ಕಳ ರಕ್ತದಲ್ಲಿ ಸೀಸದ ಎಚ್ಚರಿಕೆಯ ಮಟ್ಟವನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಡೆಸಿಲೀಟರಿಗೆ 3.5 ಮೈಕ್ರೊಗ್ರಾಮಿಗೆ ಇಳಿಸಿತು. ಹೊಡೆಯುವಾಗ ಚಕ್ಕುಲಿ ಡಬ್ಬ ಹತ್ತಿರ ಇಡಬೇಡಿ. ಮುಗಿದ ಮೇಲೆ ಸೋಪಿನಲ್ಲಿ ಕೈ ಮುಖ ತೊಳೆಸಿ, ಬಟ್ಟೆ ಬದಲಿಸಿ. ಪೆಟ್ಟಿಗೆಯ ಸೀಸ ಆರಿಸುವುದು ದೊಡ್ಡವರ ಕೆಲಸ, ಕೈಗವಸು ಹಾಕಿಕೊಂಡು.

ಕಾನೂನಿನ ವಿಷಯ ವಕೀಲರನ್ನೇ ಕೇಳಿ, ಆದರೆ ಎರಡನ್ನು ಹೇಳದೆ ಬಿಡಲಾಗದು. ನಗರದ ಎಲ್ಲೆಯೊಳಗೆ ಗುಂಡು ಹಾರಿಸುವುದಕ್ಕೆ ಬಹುತೇಕ ಕಡೆ ನಿಷೇಧವಿದೆ, ಸದ್ದು ಬರಲಿ ಬಿಡಲಿ. ಟೆಕ್ಸಾಸ್‌ನಲ್ಲಿ ನಗರದ ಹೊರಗಿನ ಬಡಾವಣೆಯಲ್ಲೂ ಹತ್ತು ಎಕರೆ ಮೀರದ ನಿವೇಶನಗಳಲ್ಲಿ ಕೌಂಟಿ ಅದನ್ನು ನಿಷೇಧಿಸಬಹುದು. ಇನ್ನೊಂದು, ನಮ್ಮವರಲ್ಲಿ ಅನೇಕರಿಗೆ ಗೊತ್ತೇ ಇಲ್ಲದ್ದು: ಎಚ್-1ಬಿ, ಎಚ್-4, ಎಲ್-1, ಎಫ್-1 ಥರದ ನಾನ್‌ಇಮಿಗ್ರಂಟ್ ವೀಸಾದವರು ಕೋವಿ ಮಾತ್ರವಲ್ಲ, ತೋಟೆ ಇಟ್ಟುಕೊಳ್ಳುವುದೂ ಫೆಡರಲ್ ಕಾನೂನಿನಲ್ಲಿ ಅಪರಾಧ. ಹಂಟಿಂಗ್ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಗ್ರೀನ್ ಕಾರ್ಡಿನವರಿಗೆ ಈ ತಡೆ ಇಲ್ಲ. ಮಗಳು ಇಲ್ಲೇ ಹುಟ್ಟಿದ ಪ್ರಜೆ, ಅಪ್ಪ ಎಚ್-1ಬಿ ಎಂಬ ಮನೆಗಳಲ್ಲಿ ಡಬ್ಬಿ ಕೊಳ್ಳುವ ಮೊದಲೇ ಇದನ್ನು ವಿಚಾರಿಸಿ.

ಕಡೆಯದಾಗಿ ಬ್ಯಾಗು. ಗುರಿ ಅಭ್ಯಾಸಕ್ಕೆ ಒಯ್ದ ಬ್ಯಾಗನ್ನು ಊರಿಗೆ ಹೊರಡುವಾಗ ತುಂಬಬೇಡಿ. .22 ಲಾಂಗ್ ರೈಫಲ್ ತೋಟೆ ಒಂದೇ ಅಂಗುಲ ಉದ್ದ, ಒಳಜೇಬಿನ ಹೊಲಿಗೆಯ ಸಂದಿಯಲ್ಲಿ ಒಂದು ಉಳಿದರೂ ಕೈಗೆ ಸಿಗುವುದಿಲ್ಲ. ಎಕ್ಸ್‌ರೇಯಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು. "ಇದು ಕ್ವಯಟ್ ತೋಟೆ ಸಾರ್" ಎಂದರೆ ಅಲ್ಲಿ ಯಾರೂ ಕೇಳುವುದಿಲ್ಲ.