28ನೇ ವಿಧಿ: ಸರ್ಕಾರಿ ಶಾಲೆಯಲ್ಲಿ ಧರ್ಮಗ್ರಂಥ ಓದಿಸಬಹುದೇ?

ಸಂವಿಧಾನದ ಪತ್ರಿಕೆಗೆ ಓದುವ ನಮ್ಮಲ್ಲಿ ಹೆಚ್ಚಿನವರು 28ನೇ ವಿಧಿಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇವೆ: ‘ಶಾಲೆಗಳಲ್ಲಿ ಧಾರ್ಮಿಕ ಬೋಧನೆ ನಿಷಿದ್ಧ’. ಒಂದು ಅಣಕು ಪರೀಕ್ಷೆಯಲ್ಲಿ ನಾನೂ ಹಾಗೆಯೇ ಬರೆದು ಹತ್ತಕ್ಕೆ ಮೂರು ಅಂಕ ಪಡೆದಿದ್ದೆ. ಉತ್ತರದ ಪಕ್ಕದಲ್ಲಿ ಕೆಂಪು ಶಾಯಿಯ ಎರಡೇ ಪದಗಳಿದ್ದವು: ‘ಯಾವ ಶಾಲೆ?’ ಈ ಟಿಪ್ಪಣಿ ಹುಟ್ಟಿದ್ದು ಆ ಎರಡು ಪದಗಳಿಂದ.

ಯಾವ ಶಾಲೆ?

28(1) ಹೇಳುವುದು ಇಷ್ಟು: ‘ಸಂಪೂರ್ಣವಾಗಿ’ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಎಲ್ಲರೂ ಬಿಟ್ಟುಬಿಡುವುದು ಈ ‘ಸಂಪೂರ್ಣವಾಗಿ’ ಎಂಬ ಪದವನ್ನೇ. ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದರೊಳಗೆ ಬರುತ್ತದೆ. ಮಠ ನಡೆಸುವ ಅನುದಾನಿತ ಪ್ರೌಢಶಾಲೆ ಬರುವುದಿಲ್ಲ, ಏಕೆಂದರೆ ಶಿಕ್ಷಕರ ಸಂಬಳ ಸರ್ಕಾರದ್ದಾದರೂ ಕಟ್ಟಡವೂ ಆಡಳಿತವೂ ಮಠದ್ದು. ಮಾನ್ಯತೆ ಪಡೆದ, ಅನುದಾನವಿಲ್ಲದ ಖಾಸಗಿ ಶಾಲೆಯಂತೂ ಬರುವುದೇ ಇಲ್ಲ.

28(2) ಒಂದು ಸಣ್ಣ ವಿನಾಯಿತಿ. ದತ್ತಿ ಅಥವಾ ನ್ಯಾಸದಿಂದ (ಟ್ರಸ್ಟ್) ಸ್ಥಾಪನೆಯಾದ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಇರಲೇಬೇಕೆಂದು ದಾನಿಗಳು ಷರತ್ತು ಹಾಕಿದ್ದರೆ, ಮುಂದೆ ಅದರ ಆಡಳಿತ ಸರ್ಕಾರದ ಕೈಗೆ ಬಂದರೂ ಬೋಧನೆ ಮುಂದುವರಿಯಬಹುದು. ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆದರೆ ಸಾಕು.

28(3)ರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕಿದೆ. ಅದಕ್ಕೆ ಮುಂದೆ ಬರುತ್ತೇನೆ.

ಯಾವುದು ‘ಬೋಧನೆ’?

ಸರ್ಕಾರಿ ಶಾಲೆಯಲ್ಲಿ ಬೋಧನೆ ಕೂಡದು ಎಂದಾಯಿತು. ಹಾಗಾದರೆ ಧರ್ಮಗ್ರಂಥವನ್ನು ಮುಟ್ಟಲೇಬಾರದೇ? ಈ ಪ್ರಶ್ನೆ 1948ರ ಡಿಸೆಂಬರ್ 7ರಂದೇ ಸಂವಿಧಾನ ಸಭೆಯಲ್ಲಿ ಎದ್ದಿತ್ತು. ಆಗ ಇದು ಕರಡಿನ 22ನೇ ವಿಧಿ. ಅಂದಿನ ಚರ್ಚೆಯನ್ನು ದಯವಿಟ್ಟು ಮೂಲದಲ್ಲೇ ಓದಿ. ಮಾರ್ಗದರ್ಶಿ ಪುಸ್ತಕಗಳು ಕೊಡುವ ಸಾರಾಂಶದಲ್ಲಿ ಅದರ ರುಚಿ ಸಿಗುವುದಿಲ್ಲ.

ಸರ್ಕಾರಿ ಶಾಲೆಯಲ್ಲಿ ಧಾರ್ಮಿಕ ಬೋಧನೆ ಏಕೆ ಬೇಡ ಎಂಬುದಕ್ಕೆ ಅಂಬೇಡ್ಕರ್ ಕೊಟ್ಟ ಕಾರಣಗಳು ಮೂರು. ಒಂದು ಧರ್ಮದ ಪ್ರಚಾರಕ್ಕಾಗಿ ತೆರಿಗೆ ಕೊಡಬೇಕೆಂದು ಯಾರನ್ನೂ ಬಲವಂತಪಡಿಸುವಂತಿಲ್ಲ ಎಂಬ ವಿಧಿ (ಈಗಿನ 27) ಪಕ್ಕದಲ್ಲೇ ಇದೆ. ಎಲ್ಲರ ತೆರಿಗೆಯಿಂದ ನಡೆಯುವ ಶಾಲೆಯಲ್ಲಿ ಒಬ್ಬರ ಧರ್ಮವನ್ನು ಬೋಧಿಸಿದರೆ ಆ ವಿಧಿಗೆ ಬೆಲೆ ಉಳಿಯುವುದಿಲ್ಲ. ಎರಡನೆಯದು, ಇಷ್ಟೊಂದು ಧರ್ಮ, ಪಂಥಗಳಿರುವ ದೇಶದಲ್ಲಿ ಎಲ್ಲಕ್ಕೂ ಸಮಾನ ಅವಕಾಶ ಕೊಡುವುದು ಆಗದ ಮಾತು. ಮೂರನೆಯದನ್ನು ಅವರು ಎಷ್ಟು ನೇರವಾಗಿ ಹೇಳಿದರೆಂದರೆ, ಇಂದು ಯಾವ ರಾಜಕಾರಣಿಯೂ ಹಾಗೆ ಹೇಳಲಾರ: ತನ್ನದೇ ಮೋಕ್ಷದ ದಾರಿ, ಉಳಿದವೆಲ್ಲ ತಪ್ಪು ಎನ್ನುವ ಧರ್ಮಗಳು ಪರಸ್ಪರ ಸಂಬಂಧದಲ್ಲಿ ಸಮಾಜವಿರೋಧಿಯಾಗಿಯೇ ವರ್ತಿಸುತ್ತವೆ, ಆ ಜಗಳವನ್ನು ಶಾಲೆಯ ಅಂಗಳಕ್ಕೆ ತರುವುದೇಕೆ?

ಆಗ ಬಂಗಾಳದ ಪಂಡಿತ ಲಕ್ಷ್ಮೀಕಾಂತ ಮೈತ್ರ ಎದ್ದರು. ಕಲ್ಕತ್ತೆಯ ಸಂಸ್ಕೃತ ಕಾಲೇಜು ಸರ್ಕಾರದ ಹಣದಿಂದಲೇ ನಡೆಯುತ್ತದೆ, ಅಲ್ಲಿ ವೇದ, ಸ್ಮೃತಿ, ಗೀತೆ, ಉಪನಿಷತ್ತುಗಳನ್ನು ಕಲಿಸುತ್ತಾರೆ, ಹಾಗಾದರೆ ಅದಕ್ಕೆ ಬೀಗ ಹಾಕಬೇಕೇ ಎಂದು ಕೇಳಿದರು. ಬೋಧನೆಯೇ ಬೇರೆ, ಸಂಶೋಧನೆ ಮತ್ತು ಅಧ್ಯಯನವೇ ಬೇರೆ ಎಂದು ಅಂಬೇಡ್ಕರ್ ಉತ್ತರಿಸಿದರು. ಇಸ್ಲಾಮಿನ ಉದಾಹರಣೆಯನ್ನೂ ಕೊಟ್ಟರು: ದೇವರು ಒಬ್ಬನೇ, ಪೈಗಂಬರರೇ ಕೊನೆಯ ಪ್ರವಾದಿ ಎಂದು ನಂಬು ಎನ್ನುವುದು ಬೋಧನೆ, ಅಂದರೆ ಮತತತ್ತ್ವವನ್ನು ಒಪ್ಪಿಸುವುದು. ಅಧ್ಯಯನ ಹಾಗಲ್ಲ. ಅಂದು ಅಧ್ಯಕ್ಷ ಪೀಠದಲ್ಲಿದ್ದವರು ಉಪಾಧ್ಯಕ್ಷ ಎಚ್.ಸಿ. ಮುಖರ್ಜಿ. ಕಲ್ಕತ್ತ ವಿಶ್ವವಿದ್ಯಾಲಯದ ಕಾಲೇಜು ನಿರೀಕ್ಷಕನಾಗಿ ತಾನು ಅದೇ ಸಂಸ್ಕೃತ ಕಾಲೇಜನ್ನು ತಪಾಸಣೆ ಮಾಡುತ್ತಿದ್ದೆ, ಅಲ್ಲಿನ ಧರ್ಮಗ್ರಂಥಗಳ ಓದನ್ನು ಯಾರೂ ಧಾರ್ಮಿಕ ಬೋಧನೆ ಎಂದು ಎಣಿಸಲಿಲ್ಲ, ಸಂಸ್ಕೃತಿಯ ಪಾಠವೆಂದೇ ಕಂಡರು ಎಂದು ಅವರೂ ದನಿಗೂಡಿಸಿದರು. ಹಾಗೆ ಹೇಳಿದ ಮುಖರ್ಜಿಯವರು ಕ್ರೈಸ್ತರು ಎಂಬುದನ್ನು ಅಂಚಿನಲ್ಲಿ ಬರೆದಿಟ್ಟುಕೊಳ್ಳಿ.

ನ್ಯಾಯಾಲಯಗಳು ಮುಂದೆ ಈ ಗೆರೆಯ ಮೇಲೆಯೇ ನಡೆದವು. 1971ರ ಡಿಎವಿ ಕಾಲೇಜು ಪ್ರಕರಣದಲ್ಲಿ, ಅಮೃತಸರದ ಗುರುನಾನಕ್ ವಿಶ್ವವಿದ್ಯಾಲಯ ಗುರುನಾನಕರ ಜೀವನ ಮತ್ತು ಉಪದೇಶಗಳ ಅಧ್ಯಯನಕ್ಕೆ ವ್ಯವಸ್ಥೆ ಮಾಡುವುದು ಧಾರ್ಮಿಕ ಬೋಧನೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 2002ರ ಅರುಣಾ ರಾಯ್ ಪ್ರಕರಣ ಇನ್ನೂ ಮುಖ್ಯವಾದದ್ದು. ಶಾಲಾ ಪಠ್ಯ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ 2000ದಲ್ಲಿ ತಂದ ಶಾಲಾ ಪಠ್ಯಕ್ರಮ ಚೌಕಟ್ಟಿನಲ್ಲಿ ಧರ್ಮಗಳ ‘ಬಗ್ಗೆ’ ಕಲಿಸಬೇಕೆಂದಿತ್ತು; ಅದನ್ನು ಪ್ರಶ್ನಿಸಿದ ಅರ್ಜಿ ವಜಾ ಆಯಿತು. ಧರ್ಮಗಳ ಅಧ್ಯಯನವನ್ನು 28ನೇ ವಿಧಿ ತಡೆಯುವುದಿಲ್ಲ ಎಂಬುದು ತೀರ್ಪು. ಆದರೆ ನ್ಯಾಯಮೂರ್ತಿ ಧರ್ಮಾಧಿಕಾರಿ ಅವರ ಎಚ್ಚರಿಕೆಯನ್ನು ಬಿಟ್ಟರೆ ಉತ್ತರ ಅರ್ಧವಾಗುತ್ತದೆ: ಬೋಧನೆ ಮತ್ತು ಅಧ್ಯಯನದ ನಡುವಿನ ಗೆರೆ ಬಹಳ ತೆಳು, ಅಧ್ಯಯನದ ಹೆಸರಿನಲ್ಲಿ ಬೋಧನೆ ನುಸುಳದಂತೆ ನೋಡಿಕೊಳ್ಳಬೇಕು.

ಗೆರೆ ಎಲ್ಲಿದೆ? ಒಂದು ವಚನ ತೆಗೆದುಕೊಳ್ಳೋಣ

ತೆಳು ಗೆರೆ ಎಂದರೆ ನಮಗೆ ಅರ್ಥವಾಗುವುದಿಲ್ಲ. ಕನ್ನಡ ತರಗತಿಗೇ ಹೋಗೋಣ. ‘ಕಳಬೇಡ, ಕೊಲಬೇಡ’ ವಚನವನ್ನು ಕಲಿಯದ ಕನ್ನಡದ ಮಗು ಸಿಗುವುದು ಕಷ್ಟ. ಅದನ್ನು ನೀತಿಪದ್ಯವೆಂದು ಓದಿ ಮುಂದೆ ಹೋಗುತ್ತೇವೆ. ಅದರ ಕೊನೆಯ ಸಾಲನ್ನು ನೋಡಿ: ‘ಇದೇ ನಮ್ಮ ಕೂಡಲಸಂಗಮದೇವರನೊಲಿಸುವ ಪರಿ’. ಅಂದರೆ ಇದು ದೇವರನ್ನು ಒಲಿಸಿಕೊಳ್ಳುವ ದಾರಿಯನ್ನೇ ಹೇಳುವ ಪಠ್ಯ. ಹಾಗೆಂದು ಸರ್ಕಾರಿ ಶಾಲೆಯಿಂದ ಇದನ್ನು ತೆಗೆಯಬೇಕೇ? ತೆಗೆಯುವುದಾದರೆ ಜೈನ ಪುರಾಣ ಬರೆದ ಪಂಪ, ಕುಮಾರವ್ಯಾಸ, ದಾಸರು, ಶಿಶುನಾಳ ಷರೀಫರು ಎಲ್ಲರೂ ಹೋಗಬೇಕು. ಕನ್ನಡ ಪಠ್ಯಪುಸ್ತಕದಲ್ಲಿ ಉಳಿಯುವುದು ರಜಾ ಅರ್ಜಿ ಬರೆಯುವ ಕ್ರಮ ಮಾತ್ರ.

ಈಗ ಅದೇ ವಚನದ ಮೇಲೆ ಮೂರು ಪ್ರಶ್ನೆ ಹಾಕುತ್ತೇನೆ. ‘ಇದಿರ ಹಳಿಯಲುಬೇಡ’ ಎಂದರೇನು? ಅಂತರಂಗಶುದ್ಧಿ, ಬಹಿರಂಗಶುದ್ಧಿ ಎರಡನ್ನೂ ಬಸವಣ್ಣನವರು ಒಂದೇ ನಡವಳಿಕೆಯಲ್ಲಿ ಕಂಡದ್ದೇಕೆ? ಕೂಡಲಸಂಗಮದೇವನ ಕೃಪೆಗೆ ಪಾತ್ರರಾಗಲು ನಾವು ಈ ವಚನವನ್ನು ದಿನವೂ ಏಕೆ ಪಠಿಸಬೇಕು? ಮೊದಲ ಎರಡು ಅಧ್ಯಯನ. ಮೂರನೆಯದರಲ್ಲಿ ಗೆರೆ ದಾಟಿದೆವು. ವಚನದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ, ಬದಲಾದದ್ದು ಮಗುವಿನಿಂದ ನಾವು ಬಯಸಿದ್ದು.

ಗೀತೆಗೂ ಇದೇ ಒರೆಗಲ್ಲು. 2022ರ ಮಾರ್ಚ್‌ನಲ್ಲಿ ಗುಜರಾತ್ ಸರ್ಕಾರ 6ರಿಂದ 12ನೇ ತರಗತಿವರೆಗೆ ಗೀತೆಯನ್ನು ಕಲಿಸುವುದಾಗಿ ಘೋಷಿಸಿತು. ಅದರ ಬೆನ್ನಲ್ಲೇ ಕರ್ನಾಟಕದಲ್ಲಿಯೂ ಆಗಿನ ಶಿಕ್ಷಣ ಸಚಿವರು ನೈತಿಕ ಶಿಕ್ಷಣದ ಭಾಗವಾಗಿ ಗೀತೆಯ ಮಾತೆತ್ತಿದರು. ಪರ, ವಿರೋಧ ಎರಡೂ ಕಡೆಯವರು ಪುಸ್ತಕದ ಹೆಸರು ಹಿಡಿದೇ ಜಗ್ಗಾಡಿದರು. ನಾನು ಕೇಳುವುದು ಬೇರೆ: ಅರ್ಜುನ ಬಿಲ್ಲನ್ನು ಕೆಳಗಿಟ್ಟದ್ದೇಕೆ ಎಂದು ಕೇಳಿ, ಕೃಷ್ಣನ ಉತ್ತರಕ್ಕಿಂತ ಅರ್ಜುನನ ಸಂಕಟವೇ ಸರಿ ಎಂದು ಕಾರಣ ಕೊಟ್ಟು ಬರೆದ ಹುಡುಗಿಗೆ ಪೂರ್ತಿ ಅಂಕ ಸಿಗುತ್ತದೆಯೇ? ಸಿಗುವುದಾದರೆ ನನ್ನ ತಕರಾರಿಲ್ಲ. ಶ್ಲೋಕ ಕಂಠಪಾಠವೇ ಪಾಠವಾದರೆ, ಅದಕ್ಕೆ ‘ನೈತಿಕ ಶಿಕ್ಷಣ’ ಎಂಬ ಹೆಸರು ಕೊಟ್ಟ ಮಾತ್ರಕ್ಕೆ ಅದು ಬೇರೇನೋ ಆಗಿಬಿಡುವುದಿಲ್ಲ.

ಅಧ್ಯಯನ ಎಂದೊಡನೆ ಜಗಳ ನಿಲ್ಲುತ್ತದೆ ಎಂದೂ ಭಾವಿಸಬೇಡಿ. ಅದೇ 2022ರಲ್ಲಿ ಪರಿಷ್ಕೃತ ಸಮಾಜ ವಿಜ್ಞಾನ ಪುಸ್ತಕದ ಬಸವಣ್ಣನವರ ಪಾಠಕ್ಕೆ ಮಠಾಧೀಶರೇ ಆಕ್ಷೇಪ ಎತ್ತಿದರು. ಅದು ಬೋಧನೆಯ ಜಗಳವಲ್ಲ, ಯಾರ ಬಸವಣ್ಣ ಎಂಬ ಜಗಳ.

ಅಮೆರಿಕದ ಹೋಲಿಕೆ ಬೇಕಾದವರಿಗೆ: ಪೆನ್ಸಿಲ್ವೇನಿಯದ ಕಾನೂನಿನಂತೆ ಪ್ರತಿದಿನ ಬೈಬಲಿನ ಕನಿಷ್ಠ ಹತ್ತು ವಾಕ್ಯಗಳನ್ನು ಯಾವ ವಿವರಣೆಯೂ ಇಲ್ಲದೆ ಓದಬೇಕಿತ್ತು. 1956ರಲ್ಲಿ ಎಲರಿ ಶೆಂಪ್ ಎಂಬ ಪ್ರೌಢಶಾಲಾ ಹುಡುಗ ಆ ಹೊತ್ತಿನಲ್ಲಿ ಕುರಾನ್ ತೆರೆದು ಕುಳಿತು ಪ್ರತಿಭಟಿಸಿದ. 1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅಂಥ ಪಠಣವನ್ನು ಅಸಾಂವಿಧಾನಿಕ ಎಂದಿತು, ಜೊತೆಗೆ ಬೈಬಲನ್ನು ಸಾಹಿತ್ಯವಾಗಿ, ಇತಿಹಾಸವಾಗಿ ಓದಲು ಅಡ್ಡಿಯಿಲ್ಲ ಎಂದೂ ಹೇಳಿತು. ಅಂಬೇಡ್ಕರ್ ಹದಿನೈದು ವರ್ಷ ಮೊದಲೇ ಎಳೆದಿದ್ದ ಗೆರೆ ಇದು.

ಒಪ್ಪಿಗೆ ಎಂಬುದು

ಈಗ 28(3). ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಓದುವವರನ್ನು, ಅವರ ಒಪ್ಪಿಗೆ ಇಲ್ಲದೆ (ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಇಲ್ಲದೆ), ಧಾರ್ಮಿಕ ಬೋಧನೆಗೆ ಸೇರಿಸುವಂತಿಲ್ಲ, ಆರಾಧನೆಗೆ ಕೂರಿಸುವಂತಿಲ್ಲ. ಓದಲು ಚೆನ್ನಾಗಿದೆ. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಕ್ರೈಸ್ತ ಶಾಲೆಯ ಪ್ರವೇಶ ಅರ್ಜಿ ಸುದ್ದಿಯಾಯಿತು. ಮಗು ಬೈಬಲ್ ಒಯ್ಯುವುದಕ್ಕೆ ಆಕ್ಷೇಪಿಸುವುದಿಲ್ಲ ಎಂದು ಪೋಷಕರು ಅದರಲ್ಲಿ ಒಪ್ಪಿ ಸಹಿ ಹಾಕಬೇಕಿತ್ತು. ಕಾಗದದ ಮೇಲೆ ಒಪ್ಪಿಗೆ ಇದೆ. ಆದರೆ ಸಹಿ ಹಾಕದಿದ್ದರೆ ಸೀಟೇ ಇಲ್ಲ ಎಂದಾದರೆ ಅದನ್ನು ಒಪ್ಪಿಗೆ ಎನ್ನಬಹುದೇ? ಅಲ್ಪಸಂಖ್ಯಾತರು ತಮ್ಮ ಸಂಸ್ಥೆ ನಡೆಸುವ 30ನೇ ವಿಧಿಯ ಹಕ್ಕನ್ನೂ ಇಲ್ಲಿ ತೂಗಬೇಕು. ನನ್ನ ಮಟ್ಟಿಗೆ, ಯಾವ ಧರ್ಮದ ಶಾಲೆಯೇ ಆಗಲಿ, ಪ್ರವೇಶಕ್ಕೆ ಗಂಟು ಹಾಕಿ ಪಡೆದ ಸಹಿ 28(3)ರ ಒಪ್ಪಿಗೆಯಲ್ಲ.

ನಾನು ಓದಿದ ಅನುದಾನಿತ ಶಾಲೆಯಲ್ಲಿ ಬೆಳಗ್ಗೆ ಶ್ಲೋಕ ಪಠಣವಿತ್ತು. ‘ಬೇಡವಾದವರು ಹೊರಗಿರಬಹುದು’ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ. ನನ್ನ ಬೆಂಚಿನ ಗೆಳೆಯ ಎರಡು ದಿನ ಜಗಲಿಯ ಕಂಬಕ್ಕೆ ಒರಗಿ ನಿಂತ. ತಡವಾಗಿ ಬಂದವರನ್ನು ನಿಲ್ಲಿಸುತ್ತಿದ್ದದ್ದೂ ಅಲ್ಲಿಯೇ. ಮೂರನೆಯ ದಿನ ಅವನು ಒಳಗೆ ಬಂದು ನನ್ನ ಪಕ್ಕದಲ್ಲಿ ನಿಂತು, ದನಿ ಹೊರಡಿಸದೆ ತುಟಿ ಮಾತ್ರ ಆಡಿಸತೊಡಗಿದ. ಹತ್ತನೇ ತರಗತಿಯವರೆಗೂ ಹಾಗೆಯೇ. ಬೇಡವೆನ್ನುವ ಅವಕಾಶ ಕಾನೂನಿನಲ್ಲಿದ್ದರೂ ಹನ್ನೊಂದರ ಹುಡುಗನಿಗೆ ಅದರ ಬೆಲೆ ಏನೆಂಬುದನ್ನು ಉತ್ತರದಲ್ಲಿ ಎರಡು ಸಾಲು ಬರೆಯಿರಿ.

ಅಭ್ಯಾಸಕ್ಕೆ ಒಂದು

ಕೇಂದ್ರೀಯ ವಿದ್ಯಾಲಯಗಳ ಬೆಳಗಿನ ಪ್ರಾರ್ಥನೆಯಲ್ಲಿ ‘ಅಸತೋ ಮಾ ಸದ್ಗಮಯ’ ಇದೆ. ಬೃಹದಾರಣ್ಯಕ ಉಪನಿಷತ್ತಿನ ಮಂತ್ರ. ಇದು 28ನೇ ವಿಧಿಗೆ ವಿರುದ್ಧವೇ? ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಸಂವಿಧಾನ ಪೀಠ (ಕನಿಷ್ಠ ಐವರು ನ್ಯಾಯಮೂರ್ತಿಗಳ ಪೀಠ) ಕೇಳುವುದು ಒಳಿತೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಅಭಿಪ್ರಾಯಪಟ್ಟಿತು. ಸುಪ್ರೀಂ ಕೋರ್ಟಿನ ಲಾಂಛನದಲ್ಲಿರುವ ‘ಯತೋ ಧರ್ಮಸ್ತತೋ ಜಯಃ’ ಕೂಡ ಮಹಾಭಾರತದ್ದಲ್ಲವೇ ಎಂಬುದು ಸರ್ಕಾರದ ಪರ ವಕೀಲರು ಎತ್ತಿದ ಪ್ರಶ್ನೆ. ಲಾಂಛನದ ಮುಂದೆ ಯಾರೂ ಕೈಮುಗಿದು ನಿಲ್ಲುವುದಿಲ್ಲ ಎಂದು ಎದುರುತ್ತರ ಬರೆಯಬಹುದು.

ಇದನ್ನು ಬಿಡಿಸಲು ಕೂರುವ ಮುನ್ನ 28ನೇ ವಿಧಿಯನ್ನು ಇನ್ನೊಮ್ಮೆ ಬೆರಳಿಟ್ಟು ಓದಿ. ‘ಆರಾಧನೆ’ ಎಂಬ ಪದ ಇರುವುದು ಮೂರನೆಯ ಖಂಡದಲ್ಲಿ ಮಾತ್ರ. ಸಂಪೂರ್ಣ ಸರ್ಕಾರಿ ಶಾಲೆಯ ಬಗ್ಗೆ ಹೇಳುವ ಮೊದಲ ಖಂಡದಲ್ಲಿ ಆ ಪದವೇ ಇಲ್ಲ.