ಲೈಫ್ ಕೋಡ್ ಸರಿಯಿದೆಯೇ? ಪುಟ್ಟ ಆಕಾರಗಳನ್ನು ಬಿಟ್ಟು ನೋಡಿ

ಗೇಮ್ ಆಫ್ ಲೈಫ್ ಚೌಕಗಳ ಗ್ರಿಡ್ ಮೇಲೆ ತಾನಾಗಿ ನಡೆಯುವ ಆಟ. ಪ್ರತಿ ಚೌಕವೂ ಬದುಕಿರುವ ಅಥವಾ ಸತ್ತ ಒಂದು ಕೋಶ, ಎಲ್ಲವೂ ಒಟ್ಟಿಗೇ ಬದಲಾಗುವ ಒಂದೊಂದು ಹೆಜ್ಜೆಯೂ ಒಂದು ತಲೆಮಾರು. ಅದರ ನಿಯಮ ಎರಡೇ ಮಾತು. ಬದುಕಿರುವ ಕೋಶಕ್ಕೆ ಸುತ್ತಲಿನ ಎಂಟರಲ್ಲಿ ಎರಡೋ ಮೂರೋ ಜೀವಂತ ನೆರೆ ಇದ್ದರೆ ಉಳಿಯುತ್ತದೆ, ಇಲ್ಲವಾದರೆ ಸಾಯುತ್ತದೆ. ಸತ್ತ ಕೋಶಕ್ಕೆ ಸರಿಯಾಗಿ ಮೂರು ನೆರೆ ಇದ್ದರೆ ಜೀವ ಬರುತ್ತದೆ. ಗಣಿತಜ್ಞ ಜಾನ್ ಕಾನ್ವೇ ರೂಪಿಸಿದ ಈ ಆಟ 1970ರ ಅಕ್ಟೋಬರ್‌ನಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಮಾರ್ಟಿನ್ ಗಾರ್ಡ್ನರ್ ಅಂಕಣದಿಂದ ಜನರಿಗೆ ತಲುಪಿತು. ಈಗ ಯಾರು ಬೇಕಾದರೂ ಒಂದು ಸಂಜೆಯಲ್ಲಿ ಕೋಡ್ ಬರೆದುಬಿಡಬಹುದು. ಆದರೆ ತಪ್ಪು ಕೋಡ್ ಕೂಡ ಪರದೆಯ ಮೇಲೆ ಏನೋ ಒಂದನ್ನು ಗಿಜಿಗುಟ್ಟಿಸುತ್ತದೆ, ನೋಡಲೂ ಚೆನ್ನಾಗಿರುತ್ತದೆ! ಕೋಶಗಳನ್ನು ಮನಸ್ಸಿಗೆ ಬಂದಂತೆ ಚೆಲ್ಲಿ ಓಡಿಸಿದರೆ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲು 2×2 ಬ್ಲಾಕ್ ಇಡಿ. ಪ್ರತಿ ಕೋಶಕ್ಕೂ ಮೂರು ನೆರೆ, ಆದ್ದರಿಂದ ಅದು ಅಲುಗಬಾರದು. ಒಂದೇ ಹೆಜ್ಜೆಗೆ ಮಾಯವಾದರೆ ಎಣಿಕೆಯಲ್ಲಿ ಕೋಶ ತನ್ನನ್ನೂ ಸೇರಿಸಿಕೊಂಡಿದೆ ಎಂದೇ ಅರ್ಥ. ಬ್ಲಾಕ್‌ನಿಂದ ಗೊತ್ತಾಗುವುದು ಹೆಚ್ಚುಕಡಿಮೆ ಇಷ್ಟೇ.

ನಿಜವಾದ ಪರೀಕ್ಷಕ ಬ್ಲಿಂಕರ್, ಅಂದರೆ ಸಾಲಾಗಿ ಮೂರು ಕೋಶ. ಅಡ್ಡ ಇದ್ದದ್ದು ಮುಂದಿನ ತಲೆಮಾರಿಗೆ ಲಂಬವಾಗಬೇಕು, ಮತ್ತೆ ಅಡ್ಡಕ್ಕೆ ಬರಬೇಕು. ಹಳೆಯ ಗ್ರಿಡ್ ಮೇಲೆಯೇ ಹೊಸ ಬೆಲೆ ಬರೆಯುತ್ತಾ ಹೋಗುವುದು ಬಹಳ ಸಾಮಾನ್ಯವಾದ ತಪ್ಪು. ಅದು ಇಲ್ಲಿ ಸಿಕ್ಕಿಬೀಳುವ ಬಗೆ ನೋಡಿ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಹೋಗುತ್ತಿದ್ದೀರಿ ಎನ್ನಿ. ನಡುಕೋಶದ ಮೇಲಿನ ಚೌಕಕ್ಕೆ ಜೀವ ಬರುತ್ತದೆ, ಅದು ಸರಿ. ಅದರ ಬಲಕ್ಕಿರುವ ಚೌಕಕ್ಕೆ ಹಳೆಯ ತಲೆಮಾರಿನಲ್ಲಿ ಎರಡೇ ನೆರೆ. ಆದರೆ ಈಗಷ್ಟೇ ಹುಟ್ಟಿದ ಕೋಶವೂ ಲೆಕ್ಕಕ್ಕೆ ಸೇರಿ ಮೂರಾಗುತ್ತದೆ, ಹಾಗಾಗಿ ಅದೂ ಹುಟ್ಟುತ್ತದೆ. ಹುಟ್ಟಬಾರದಿದ್ದ ಇದರ ಭಾರಕ್ಕೆ ನಡುಕೋಶದ ನೆರೆ ನಾಲ್ಕಾಗಿ ಅದು ಸಾಯುತ್ತದೆ, ತುದಿಯ ಎರಡು ಉಳಿದುಕೊಳ್ಳುತ್ತವೆ. ಮೂರಿರಬೇಕಾದಲ್ಲಿ ನಾಲ್ಕು ಕೋಶ, ಅದೂ ಸೊಟ್ಟಗೆ. ಇದೇ ತಪ್ಪು ಬ್ಲಾಕ್‌ನಲ್ಲಿ ಕಾಣುವುದೇ ಇಲ್ಲ. ಪರಿಹಾರ ಎರಡು ಗ್ರಿಡ್: ಒಂದರಿಂದ ಓದಿ, ಇನ್ನೊಂದಕ್ಕೆ ಬರೆದು, ಕೊನೆಗೆ ಅದಲುಬದಲು ಮಾಡಿ. ಬ್ಲಿಂಕರ್ ಎರಡೇ ಹೆಜ್ಜೆಗೆ ಅಳಿಸಿಹೋದರೆ ಕರ್ಣದ ನೆರೆಗಳನ್ನು ಬಿಟ್ಟಿದ್ದೀರಿ, ಅಥವಾ ಬದುಕಿರುವ ಕೋಶಗಳನ್ನಷ್ಟೇ ನೋಡಿ ಹುಟ್ಟುವುದನ್ನು ಮರೆತಿದ್ದೀರಿ.

ಆಮೇಲೆ ಐದು ಕೋಶಗಳ ಗ್ಲೈಡರ್: ಮೊದಲ ಸಾಲಿನಲ್ಲಿ ನಡು, ಎರಡನೆಯದರಲ್ಲಿ ಬಲ, ಮೂರನೆಯದರಲ್ಲಿ ಮೂರೂ. ನಾಲ್ಕು ತಲೆಮಾರಿಗೆ ಒಂದು ಚೌಕ ಓರೆಯಾಗಿ ಸರಿಯುತ್ತದೆ, ಯಾವ ಹಂತದಲ್ಲೂ ಕೋಶ ಐದೇ. ಇದನ್ನು ಅಂಚಿನ ಪರೀಕ್ಷೆಗೆ ಬಳಸಿ. ಅಂಚುಗಳು ಎದುರು ಬದಿಗೆ ಸುತ್ತಿಕೊಳ್ಳುವ 20×20 ಗ್ರಿಡ್‌ನಲ್ಲಿ ಅದು 80 ತಲೆಮಾರಿಗೆ ಹೊರಟ ಜಾಗಕ್ಕೇ ಬರಬೇಕು. ಅಂಚಿನಾಚೆ ಎಲ್ಲವೂ ಸತ್ತದ್ದೆಂದು ಇಟ್ಟರೆ ಗೋಡೆಗೆ ತಾಗಿ ಬ್ಲಾಕ್ ಆಗಿ ಕೂರುತ್ತದೆ. ಮೂಲೆ ಮೂಲೆಯಲ್ಲಿ ಕಾರಣವಿಲ್ಲದೆ ಬ್ಲಾಕ್‌ಗಳು ಕಂಡರೆ ಅವು ಹೀಗೆ ಸಿಕ್ಕಿಬಿದ್ದ ಗ್ಲೈಡರ್‌ಗಳೇ ಇರಬಹುದು.

ಟಿ ಆಕಾರದ ನಾಲ್ಕು ಕೋಶ ಹತ್ತನೇ ತಲೆಮಾರಿನ ಹೊತ್ತಿಗೆ ನಾಲ್ಕು ಬ್ಲಿಂಕರ್ ಆಗಿರಬೇಕು, ಒಟ್ಟು 12 ಕೋಶ.

ಕೊನೆಯದು ಆರ್-ಪೆಂಟೊಮಿನೊ. ಮೊದಲ ಸಾಲಿನಲ್ಲಿ ನಡು ಮತ್ತು ಬಲ, ಎರಡನೆಯದರಲ್ಲಿ ಎಡ ಮತ್ತು ನಡು, ಮೂರನೆಯದರಲ್ಲಿ ನಡು ಮಾತ್ರ. ಇದೂ ಐದೇ ಕೋಶ, ಆದರೆ ತಣ್ಣಗಾಗುವುದು 1103ನೇ ತಲೆಮಾರಿಗೆ. ಆಗ ಉಳಿಯುವುದು 116 ಕೋಶ: 8 ಬ್ಲಾಕ್, 6 ಗ್ಲೈಡರ್, 4 ಜೇನುಗೂಡು, 4 ಬ್ಲಿಂಕರ್, ದೋಣಿ, ಲೋಫ್, ಹಡಗು ಒಂದೊಂದು (ಜೇನುಗೂಡು, ದೋಣಿ, ಲೋಫ್, ಹಡಗು ಬ್ಲಾಕ್‌ನಂತೆಯೇ ಅಲುಗದ ಆಕಾರಗಳು). ಅಲ್ಲಿಂದ ಮುಂದೆ ಎಣಿಕೆ ಬದಲಾಗಬಾರದು. ಬೇರೆ ಸಂಖ್ಯೆ ಬಂದರೆ ನಿಯಮವನ್ನು ಶಂಕಿಸುವ ಮೊದಲು ಗ್ರಿಡ್ ಅಳೆಯಿರಿ. ಮೊದಲ ಗ್ಲೈಡರ್ 69ರ ಸುಮಾರಿಗೇ ಹೊರಡುತ್ತದೆ. 1103ರ ಹೊತ್ತಿಗೆ ಅದು ಅಡ್ಡಕ್ಕೂ ಉದ್ದಕ್ಕೂ 250ಕ್ಕಿಂತ ಹೆಚ್ಚು ಚೌಕ ದಾಟಿರುತ್ತದೆ. ಸುತ್ತಿಕೊಳ್ಳುವ 100×100 ಗ್ರಿಡ್‌ನಲ್ಲಾದರೆ ಅದು ಹಿಂದಿನಿಂದ ಬಂದು ಗುದ್ದಿ ಎಲ್ಲವನ್ನೂ ಕಲಕಿಬಿಡುತ್ತದೆ. ಬದಿಗೆ 700 ಚೌಕ ಇಟ್ಟು ಆಕಾರವನ್ನು ನಡುವೆ ಬಿಡಿ. ಇನ್ನೂ ಒಳ್ಳೆಯದೆಂದರೆ ಗ್ರಿಡ್ಡನ್ನೇ ಕೈಬಿಟ್ಟು ಬದುಕಿರುವ ಕೋಶಗಳ ನಿರ್ದೇಶಾಂಕಗಳನ್ನಷ್ಟೇ ಒಂದು ಸೆಟ್‌ನಲ್ಲಿಡುವುದು. ಪ್ರತಿಯೊಂದೂ ತನ್ನ ಎಂಟು ನೆರೆಗಳ ಲೆಕ್ಕಕ್ಕೆ ಒಂದೊಂದು ಕೂಡಿಸಲಿ. ಲೆಕ್ಕ ಮೂರಾದ ಚೌಕಗಳು, ಎರಡಾಗಿ ಮೊದಲೇ ಬದುಕಿದ್ದ ಚೌಕಗಳು, ಇವಿಷ್ಟೇ ಮುಂದಿನ ತಲೆಮಾರು.